ಬಿಸೀಚ್ ಅಂದ್ರೇನ್ರೀ?

"ಏನ್ರೀ, ಈ ಬಿಸೀಚ್ ಅಂದ್ರೆ ಬೈಗುಳ ಅಲ್ಲ ತಾನೆ?" ಅಂತ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಒಂದು ಹಾಳೆ ಚಾಚಿದರು. ಬೀದಿಯ ಯುಜಿಡಿ ಚೇಂಬರ್ ಉಕ್ಕಿ ಹರಿಯುತ್ತಿದೆ ಅಂತ ಅವರ ಮಗ ಇಂಗ್ಲಿಷಿನಲ್ಲಿ ಅರ್ಜಿ ಟೈಪ್ ಮಾಡಿಕೊಟ್ಟಿದ್ದಾನೆ. ಕೊನೇ ಸಾಲು, ಐ ಬಿಸೀಚ್ ಯು. ಮೋರಿ ಕ್ಲೀನ್ ಮಾಡಿಸಿ ಅನ್ನೋದಕ್ಕೆ ಶೇಕ್ಸ್‌ಪಿಯರ್ ಕಾಲದ ಮಾತು!

ಉತ್ತರಹಳ್ಳಿಯಲ್ಲಿ ಇಂಥದ್ದನ್ನ ಯಾರನ್ನು ಕೇಳೋದು? ಜಯನಗರದಲ್ಲಿದ್ದ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಬರೆಯುತ್ತಿದ್ದಾಗ ಜನ ಕಾಗದ ಬರೆದು ಪದದ ಅನುಮಾನ ಬಗೆಹರಿಸಿಕೊಳ್ಳುತ್ತಿದ್ದರು. 107 ವರ್ಷ ಬಾಳಿದ ಅವರು 2021ರಲ್ಲಿ ತೀರಿಕೊಂಡರು. ಈಗ ಕಾಂಪೌಂಡೇ ಗತಿ.

"ಅಂಗಲಾಚೋದು ಅಂತ ಅರ್ಥ. ಸೀಕ್ ಅಂದ್ರೆ ಹುಡುಕೋದು. ಮುಂದೊಂದು ಬಿ ಅಂಟಿಸಿ ಜೋರು ಮಾಡಿದ್ದಾರೆ. ಹುಡುಕ್ಕೊಂಡು ಹೋಗಿ ದುಂಬಾಲು ಬೀಳೋದು ಅಂದ್ಕೊಳ್ಳಿ."

"ಸೀಕ್‌ನಲ್ಲಿ ಕ ಇದೆ, ಇದಕ್ಕೆ ಚ ಎಲ್ಲಿಂದ ಬಂತು?"

ಅವರ ಮನೆಮಾತು ತೆಲುಗು, ನನ್ನ ಕೆಲಸ ಹಗುರಾಯಿತು. "ನಮ್ಮ ಕಿವಿ ನಿಮ್ಮನೇಲಿ ಚೆವಿ. ನಮ್ಮ ಸುಬ್ರಹ್ಮಣ್ಯಪುರದ ಕೆರೆ ನಿಮ್ಮ ಬಾಯಲ್ಲಿ ಚೆರುವು. ಇ, ಎ ಪಕ್ಕ ಬಂದ್ರೆ ಕಕಾರ ಮೆತ್ತಗಾಗಿ ಚಕಾರ ಆಗುತ್ತೆ. ಕನ್ನಡದೋರು ಗಟ್ಟಿ, ಬಿಟ್ಟುಕೊಡಲಿಲ್ಲ. ಇಂಗ್ಲೆಂಡಿನಲ್ಲೂ ಇದೇ ಕಥೆ. ಉತ್ತರದೋರು ಕ ಅಂದ್ರು, ದಕ್ಷಿಣದೋರು ಚ ಅಂದ್ರು. ಸೀಕ್ ಅನ್ನೋದು ಉತ್ತರದ ದಾರಿ ಹಿಡೀತು, ಬಿಸೀಚ್ ದಕ್ಷಿಣದಲ್ಲೇ ಉಳೀತು."

"ಅಂದ್ರೆ ಅದು ಇಂಗ್ಲಿಷಿನ ತೆಲುಗು ಅನ್ನಿ" ಅಂತ ಅವರು ಮೀಸೆಯಲ್ಲೇ ನಕ್ಕರು.

ಬೇಡೋದಕ್ಕೆ ಆ ಜನರ ಹತ್ತಿರ ಪದಗಳಿಗೇನೂ ಬರ ಇಲ್ಲ. ಇಂಪ್ಲೋರ್ ಅನ್ನೋದರ ಲ್ಯಾಟಿನ್ ಬೇರಿನಲ್ಲಿ ಗೊಳೋ ಅನ್ನೋ ಅಳು ಇದೆ. ಪ್ರೇ ಅನ್ನೋದಂತೂ ನಮಗೆ ನೆಂಟ: ಅದಕ್ಕೂ ಸಂಸ್ಕೃತದ ಪ್ರಶ್ನೆಗೂ ಮೂಲಧಾತು ಒಂದೇ. ಕೋರ್ಟಿಗೆ ಹಾಕೋ ದಾವೆಯಲ್ಲಿ ನಮಗೆ ಇಂಥಿಂಥದ್ದು ಬೇಕು ಅಂತ ಕೇಳೋ ಭಾಗಕ್ಕೆ ಪ್ರೇಯರ್ ಅಂತಲೇ ಹೆಸರು.

"ಹೌದಾ! ನಮ್ಮ ಸೈಟಿನ ಕೇಸಲ್ಲಿ ಲಾಯರು ಪ್ರೇಯರ್ ಸರಿಯಾಗಿಲ್ಲ, ಪ್ರೇಯರ್ ಬದಲಾಯಿಸ್ಬೇಕು ಅಂತಿದ್ರು. ನಾನು ಬನಶಂಕರಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದೆ."

"ಕೇಸ್ ಏನಾಯ್ತು?"

"ಗೆದ್ದೆವಲ್ಲ."

ನನ್ನ ಕೇಳಿದರೆ ಬೇಡೋದರಲ್ಲಿ ನಮ್ಮ 'ದಮ್ಮಯ್ಯ'ನ ಮುಂದೆ ಬಿಸೀಚ್ ಏನೂ ಅಲ್ಲ. ಬಿಸೀಚ್‌ನಲ್ಲಿ ಹುಡುಕಾಟ, ಓಡಾಟ ಎಲ್ಲ ಬೇಡುವವನದೇ. ದಮ್ಮ ಅಂದರೆ ಧರ್ಮ, ತದ್ಭವ. 'ನಿಮ್ ದಮ್ಮಯ್ಯ' ಅಂದ ತಕ್ಷಣ ಭಾರವೆಲ್ಲ ಎದುರಿಗಿರುವವನ ತಲೆಗೆ. ಕೊಟ್ಟರೆ ಅವನ ಧರ್ಮ, ಕೊಡದಿದ್ದರೆ ಅವನ ಕರ್ಮ. ಇಷ್ಟು ವಿನಯದಿಂದ ಹೆದರಿಸುವ ಪದ ಇನ್ನೊಂದು ಭಾಷೆಯಲ್ಲಿ ಇದೆಯೋ ಇಲ್ಲವೋ! ಅರ್ಜಿಯಲ್ಲಿ ಮಾತ್ರ ನಾವು ಅದನ್ನು ಬರೆಯೋದಿಲ್ಲ. ಅಲ್ಲಿ 'ವಿನಂತಿಸಿಕೊಳ್ಳುವುದೇನೆಂದರೆ' ಅಂತ ಉದ್ದಕ್ಕೆ ಎಳೆದು, 'ತಮ್ಮ ವಿಶ್ವಾಸಿ' ಅಂತ ಸಹಿ ಹಾಕಿ ಬರುತ್ತೇವೆ.

"ಬಿಸೀಚ್ ಹೊಡೆದು ಹಾಕಿ, ದಮ್ಮಯ್ಯ ಅಂತ ಬರೀರಿ" ಅಂದೆ.

"ಅಯ್ಯೋ, ಹೋದ ವರ್ಷ ಖಾತೆಗೆ ಅಲೆಯೋವಾಗ ಒಂದು ಆಫೀಸಲ್ಲಿ ಬಾಯಿಬಿಟ್ಟೇ ಅಂದು ನೋಡಿದ್ದೀನಿ."

"ಏನಂದ್ರು?"

"ಆ ಧರ್ಮ ನಮ್ಮ ಟೇಬಲ್ಲಿಗೆ ಬರಲ್ಲ ಸಾರ್, ಪಕ್ಕದ ಟೇಬಲ್ಲಲ್ಲಿ ಕೇಳಿ ಅಂದ್ರು."