ನೈಟ್ರೇಟ್ ರೀಲಿನವರಿಗೆ ಬೆಟಗೇರಿಯಿಂದ ಒಂದು ಬಿನ್ನಹ

ಹಳೆಯ ಸಿನಿಮಾಗಳನ್ನು ಹೊತ್ತ ಮಹಾರಾಜರಾಜಶ್ರೀ ನೈಟ್ರೇಟ್ ರೀಲಿನವರ ಸನ್ನಿಧಿಗೆ, ಬೆಟಗೇರಿಯ ನೇಕಾರರ ಮನೆಯವನ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ ಎಂದು ಬರೆಯೋಣವೆಂದರೆ ತಮ್ಮ ಕುಶಲದ ಸುದ್ದಿ ಯಾರಿಗೂ ಗೊತ್ತಿಲ್ಲ.

1903ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದ ನಿರ್ದೇಶಕ ವೈ.ವಿ. ರಾವ್ ನಾಟಕದಿಂದ ಮೂಕಿಚಿತ್ರಕ್ಕೆ, ಅಲ್ಲಿಂದ ಕನ್ನಡಕ್ಕೆ ಬಂದವರು. ‘ಪಾಂಡವ ನಿರ್ವಾಣ’, ಗುಬ್ಬಿ ವೀರಣ್ಣನವರ ‘ಹರಿಮಾಯ’ ಎಲ್ಲವನ್ನೂ ನಂಬಿ ತಮಗೇ ಒಪ್ಪಿಸಿದರು. ತಾವು ಎಷ್ಟು ಜೋಪಾನ ಮಾಡಿದಿರೆಂದರೆ ನಮ್ಮ ಕಾಲದವರ ಕಣ್ಣಿಗೆ ಒಂದನ್ನೂ ಬೀಳಿಸಲಿಲ್ಲ. ತಮ್ಮ ನಿಷ್ಠೆಗೆ ಶರಣು.

ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ರಾವ್ ತೆಗೆದ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಕನ್ನಡದ ಮೊದಲ ಟಾಕಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಪರದೆಯ ಮೇಲೆ ನಮ್ಮ ಭಾಷೆಗೆ ಮಾತು ಬರಿಸಿದ್ದು ಹೊರಗಿಂದ ಬಂದ ಈ ರಾವ್. ಆ ದನಿ ಕೇಳೋಣವೆಂದರೆ ಒಂದು ಪ್ರತಿಯೂ ಇಲ್ಲ. ಕೆಲವು ಫೋಟೋಗಳನ್ನಾದರೂ ಬಿಟ್ಟುಕೊಟ್ಟಿದ್ದೀರಿ, ದೊಡ್ಡ ಉಪಕಾರ.

ತಮ್ಮನ್ನು ಮಾಡಿದ್ದೂ ಹತ್ತಿಯ ನಾರನ್ನು ಆಮ್ಲದಲ್ಲಿ ಅದ್ದಿಯೇ. ನಮ್ಮದೂ ಹತ್ತಿಯೇ ಸ್ವಾಮಿ. ನಮ್ಮಜ್ಜಿಯ ಸೀರೆ ಟ್ರಂಕಿನಲ್ಲಿ ಇನ್ನೂ ಇದೆ. ಮಡಿಕೆಯಲ್ಲಿ ಸೀಳಿದೆ, ದಡಿಯ ಕೆಂಪು ಮಾತ್ರ ಹೋಗಿಲ್ಲ. ತಾವೋ ಹಳದಿಯಾಗಿ, ಅಂಟಂಟಾಗಿ, ಕೊನೆಗೆ ಡಬ್ಬಿಯೊಳಗೇ ಕಂದು ಪುಡಿಯಾಗುವವರು. ಕಿಡಿ ತಾಗಿದರಂತೂ ನೀರೊಳಗೂ ಉರಿಯುವ ಪ್ರತಾಪ!

ನಮ್ಮ ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಆಟಗಳೂ ಪರದೆ ಬಿದ್ದೊಡನೆ ಮುಗಿದು ಹೋದವು. ಆದರೆ ನಾಟಕ ಉಳಿಯುತ್ತೇನೆಂದು ಯಾರಿಗೂ ಮಾತು ಕೊಟ್ಟಿರಲಿಲ್ಲ. ಕೊಟ್ಟವರು ತಾವು.

ತಪ್ಪೆಲ್ಲ ತಮ್ಮ ತಲೆಗೇ ಕಟ್ಟುವುದಿಲ್ಲ. ಆಟ ಮುಗಿದ ಮೇಲೆ ತಮ್ಮಂಥವರನ್ನು ತೂಕಕ್ಕೆ ಮಾರಿ, ಮೈಮೇಲಿನ ಬೆಳ್ಳಿಗಾಗಿ ತೊಳೆದವರು ಮನುಷ್ಯರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ‘ಸುಲೋಚನ’ ಬಂದು ಅಷ್ಟರಲ್ಲಿ 30 ವರ್ಷ. ಈ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ?

ಯಾವುದೋ ಊರಿನ ಹಳೇ ಟಾಕೀಸಿನ ಅಟ್ಟದಲ್ಲಿ, ತುಕ್ಕು ಹಿಡಿದ ಡಬ್ಬಿಯಲ್ಲಿ ತಾವು ಇನ್ನೂ ವಿರಾಜಮಾನರಾಗಿದ್ದರೆ, ಪುಡಿಯಾಗುವ ಮೊದಲು ಯಾರದಾದರೂ ಕೈಗೆ ಸಿಗುವ ಕೃಪೆ ಮಾಡಬೇಕು. ಇಡೀ ಚಿತ್ರವೇ ಬೇಕೆಂಬ ಹಟವಿಲ್ಲ. ಸಾವಿರ ಅಡಿಯ ಒಂದೇ ಸುರುಳಿ, ಹನ್ನೊಂದು ನಿಮಿಷ. ಅಷ್ಟು ಸಾಕು.

ಇತಿ ತಮ್ಮ ವಿಧೇಯ,
ಬೆಟಗೇರಿಯ ಒಬ್ಬ ಪ್ರೇಕ್ಷಕ