ಟವೆಲ್ ಮೀಮಾಂಸೆ

ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ತೂರಿಬಂದು ಸೀಟಿನ ಮೇಲೆ ಬಿದ್ದು, ಒಡೆಯನ ಗೈರುಹಾಜರಿಯಲ್ಲೂ ಒಡೆತನ ಸಾರುವ ಬಟ್ಟೆಯೇ ಟವೆಲ್. ಇದು ಲಕ್ಷಣ. ಮೈ ಒರೆಸುವುದು ಅದರ ಗೌಣ ಉಪಯೋಗ. ಈ ಹಕ್ಕನ್ನು ಯಾವ ಕಾಯ್ದೆಯೂ ಕೊಟ್ಟಿಲ್ಲ. ಆದರೂ ಬೀದರಿನಿಂದ ಚಾಮರಾಜನಗರದವರೆಗೆ ನಡೆಯುತ್ತದೆ.

ಪ್ರಭೇದಗಳಲ್ಲಿ ಶುದ್ಧ ಟವೆಲ್ ಉತ್ತಮ. ಕರ್ಚೀಫು ಮಧ್ಯಮ, ಗಾಳಿಗೆ ಹಾರಿ ಸೀಟಿನ ಕೆಳಗೆ ಬಿದ್ದರೆ ಹಕ್ಕೂ ಬಿತ್ತು. ಪೇಪರ್ ಅಧಮ: ಅದನ್ನು ಎತ್ತಿ ಕೂತವನು ಪೂರ್ತಿ ಓದಿ, ಮಡಿಸಿ, ‘ನಿಮ್ದಾ ಸಾರ್?’ ಎಂದು ವಿನಯದಿಂದ ಕೊಡುತ್ತಾನೆ, ಏಳುವುದಿಲ್ಲ. ಬ್ಯಾಗು ಬಲಿಷ್ಠ, ಆದರೆ ಎಸೆದವನಿಗೇ ನೆಮ್ಮದಿ ಇರುವುದಿಲ್ಲ. ಇದರಿಂದ ಹೊರಡುವ ಸಿದ್ಧಾಂತ: ಗುರುತಿನ ವಸ್ತು, ಒಡೆಯ ಬಂದೇ ಬರುತ್ತಾನೆ ಎನ್ನಿಸುವಷ್ಟು ಬೆಲೆಯದ್ದಾಗಿರಬೇಕು, ಬಿಟ್ಟು ಟೀ ಕುಡಿಯಲು ಹೋಗುವಷ್ಟು ಅಗ್ಗವೂ ಆಗಿರಬೇಕು. ಕಿಟಕಿಯಿಂದ ದಾಟಿಸಿದ ಮಗುವನ್ನು ಸಜೀವ ಟವೆಲ್ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಮಗು ಅಳುತ್ತದೆ, ಅಂದರೆ ವಾದ ಮಂಡಿಸುತ್ತದೆ. ಟವೆಲ್ ಬಾಯಿ ಬಿಡಬಾರದು.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1971ರ ‘ರಿಲೇಷನ್ಸ್ ಇನ್ ಪಬ್ಲಿಕ್’ ಗ್ರಂಥದಲ್ಲಿ ಇಂಥ ಗುರುತುಗಳನ್ನು ಮೂರು ಬಗೆ ಮಾಡಿದ್ದಾರೆ: ನಡುವೆ ಇಟ್ಟು ಸುತ್ತಲಿನ ಜಾಗವನ್ನೆಲ್ಲ ತನ್ನದೆನ್ನುವುದು, ಎಲ್ಲೆ ಹಾಕುವುದು, ವಸ್ತುವಿನ ಮೇಲೇ ಹೆಸರು ಒತ್ತುವುದು. ನಮ್ಮ ಟವೆಲ್ ಮೊದಲನೆಯದಕ್ಕೆ ಸೇರಿತು. ಆದರೆ ಪಕ್ಕದ ಸೀಟಿನ ಅಜ್ಜಿಯನ್ನು ಬಿಟ್ಟು ಈ ಶಾಸ್ತ್ರ ಪೂರ್ತಿಯಾಗದು.

ಹೊಸಬ ಬಂದು ಕೇಳುತ್ತಾನೆ: ‘ಇಲ್ಲಿ ಯಾರಾದ್ರೂ ಇದಾರಾ?’ ಯಾರೂ ಇಲ್ಲದಿರುವುದು ಇಬ್ಬರಿಗೂ ಕಾಣುತ್ತಲೇ ಇದೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತ, ತಲೆ ಎತ್ತದೆ, ‘ಇದಾರಪ್ಪ, ನೀರು ತರಕ್ಕೆ ಹೋಗಿದಾರೆ’ ಎನ್ನುತ್ತಾಳೆ. ಅವಳು ಕಂಡಿದ್ದು ಕಿಟಕಿಯಿಂದ ಬಂದ ಒಂದು ಕೈ ಮಾತ್ರ. ನೀರಿನ ವಿಷಯ ಅವಳದೇ ಸೇರ್ಪಡೆ. ಹೊಸಬ ನಂಬುತ್ತಾನೆ, ಅಥವಾ ನಂಬಿದಂತೆ ಮುಂದಕ್ಕೆ ಹೋಗುತ್ತಾನೆ. ಶಾಸ್ತ್ರದ ದೃಷ್ಟಿಯಲ್ಲಿ ಎರಡೂ ಒಂದೇ. ಅಜ್ಜಿ ಉತ್ತರ ಕೊಡದೆ ಕಿಟಕಿಯಾಚೆ ನೋಡಿದ್ದರೆ ಅದು ಬರೀ ಬಟ್ಟೆ. ಆದ್ದರಿಂದ ಸೀಟು ಹಿಡಿಯುವವನು ಎಸೆದವನಲ್ಲ, ‘ಇದಾರೆ’ ಎಂದವರು.

ಅಪವಾದಗಳು. ಮಹಿಳೆಯರ ಸೀಟಿನಲ್ಲಿ ಗಂಡಸಿನ ಟವೆಲ್ ಅಸಿಂಧು. 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ವೇಲನ್ನೂ ಉತ್ತಮ ಪ್ರಭೇದಕ್ಕೆ ಸೇರಿಸದೆ ಗತ್ಯಂತರವಿಲ್ಲ. ರಿಸರ್ವೇಶನ್ ಬಸ್ಸಿನಲ್ಲಿ ಈ ಶಾಸ್ತ್ರ ನಡೆಯದು. ಡ್ರೈವರ್ ಗೇರ್ ಹಾಕಿದರೂ ಒಡೆಯ ಬಾರದಿದ್ದರೆ ಅವಧಿ ಮುಗಿಯಿತು. ಅಜ್ಜಿಯೇ ಟವೆಲ್ ಎತ್ತಿ ‘ಕೂತ್ಕೋ ಬಾ’ ಎನ್ನುತ್ತಾಳೆ. ಒಂದೇ ಟವೆಲ್ಲನ್ನು ಉದ್ದಕ್ಕೆ ಹಾಸಿ ಮೂರು ಸೀಟು ಹಿಡಿಯಬಹುದೇ ಎಂಬಲ್ಲಿ ಮತಭೇದವಿದೆ. ಕಂಡಕ್ಟರನ ವಾಕ್ಯವೇ ಇಲ್ಲಿ ಪ್ರಮಾಣ: ‘ಟವೆಲ್‌ಗೂ ಟಿಕೆಟ್ ತಗೊಂಡಿದೀರೇನ್ರೀ?’

ನಮ್ಮ ಪತ್ರಿಕೆಗಳು ಮುಖ್ಯಮಂತ್ರಿ ಕುರ್ಚಿಗೂ ಟವೆಲ್ ಹಾಕಿಸುತ್ತವೆ. ಅಲ್ಲಿ ಅಕ್ಕಪಕ್ಕದವರೂ ತಮ್ಮ ತಮ್ಮ ಟವೆಲ್ ಹಿಡಿದೇ ಕೂತಿರುವುದರಿಂದ ‘ಇದಾರೆ’ ಎನ್ನುವ ಸಾಕ್ಷಿ ಸಿಗುವುದಿಲ್ಲ. ಆ ಪ್ರಭೇದ ಈ ಶಾಸ್ತ್ರಕ್ಕೆ ಸೇರಿದ್ದಲ್ಲ.