ತ್ರಿಪ್ಲಿಕೇನ್ ಲಕ್ಷ್ಮಿಯ ಉದ್ಧಾರ: ಬಳಕೆದಾರರ ಕೈಪಿಡಿ

ಬೇಕಾಗುವ ಸಾಮಾನು: ಭೂತಗನ್ನಡಿ, ಮೆತ್ತನೆಯ ಒಣ ಕುಂಚ, ಸಾಕಷ್ಟು ಸೋಮಾರಿತನ. ಕೊನೆಯದು ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು. ಹಳೇ ಪಟಗಳನ್ನು ಗೆದ್ದಲಿಗಿಂತ ಹೆಚ್ಚು ಹಾಳು ಮಾಡಿದ್ದು ಉತ್ಸಾಹ.

ಖರೀದಿ. ಚೆನ್ನೈನ ತ್ರಿಪ್ಲಿಕೇನಿನ ರಾಯರ ಮಠದೆದುರು ಕೈ ಮುಗಿದು, ಕನ್ನಡ ಕಿವಿಗೆ ಬಿದ್ದರೆ ಒಂದಿಷ್ಟು ಧೈರ್ಯ ತಂದುಕೊಂಡು, ಪೈಕ್ರಾಫ್ಟ್ಸ್ ರೋಡಿಗೆ ಬನ್ನಿ. ಈಗದು ಭಾರತಿ ಸಾಲೈ. ಹಳೇ ಪುಸ್ತಕದ ರಾಶಿಯಲ್ಲೋ ಗುಜರಿ ಮೂಲೆಯಲ್ಲೋ ಒಡೆದ ಗಾಜಿನ ಹಿಂದೆ ಲಕ್ಷ್ಮಿ ಕಂಡರೆ ಚಿತ್ರಕಾರನ ಹೆಸರು ಹಿಡಿದು "ರವಿವರ್ಮ!" ಎಂದು ಕೂಗಬೇಡಿ. ಕೂಗಿದರೆ ಬೆಲೆ ದುಪ್ಪಟ್ಟು. ಪಕ್ಕದ ಕೆಟ್ಟ ರೇಡಿಯೋ ವಿಚಾರಿಸಿ, ಆಮೇಲೆ ಮನಸ್ಸಿಲ್ಲದವರಂತೆ ಪಟದ ಕಡೆ ತಿರುಗಿ.

"ಒರಿಜಿನಲ್ ಸಾರ್" ಎನ್ನುತ್ತಾನೆ ಅಂಗಡಿಯವ. ತಲೆಯಾಡಿಸಿ, ಭೂತಗನ್ನಡಿ ಹಿಡಿಯಿರಿ. ಸೇನೆಯಂತೆ ಸಾಲುಗಟ್ಟಿದ ಚುಕ್ಕೆಗಳು ಕಂಡರೆ ಅದು ಇತ್ತೀಚಿನ ಆಫ್‌ಸೆಟ್ ಮುದ್ರಣ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿಟ್ಟು ಅಚ್ಚು ಹಾಕಿದ ಹಳೇ ಪಟದಲ್ಲಿ ಚುಕ್ಕೆಗಳಿಗೆ ಅಷ್ಟು ಶಿಸ್ತಿಲ್ಲ. ಅಂಚಿನಲ್ಲಿ ಮಳವಲಿ ಎಂದಿದ್ದರೆ ನಮ್ಮ ಮಂಡ್ಯದ ಮಳವಳ್ಳಿಯೆಂದು ಉಬ್ಬಬೇಡಿ. ಅದು ಲೋಣಾವಳದ ಹತ್ತಿರದ ಊರು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮ ಪ್ರೆಸ್ ಆಮೇಲೆ ಅಲ್ಲಿಗೆ ಹೋಯಿತು. ಕೆಲ ವರ್ಷಗಳಲ್ಲೇ ಜರ್ಮನ್ ತಂತ್ರಜ್ಞ ಶ್ಲೈಕರ್‌ನ ಕೈ ಸೇರಿತು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅಚ್ಚು ನಿಂತದ್ದು ಎಷ್ಟೋ ದಶಕಗಳ ಮೇಲೆ. ಆದ್ದರಿಂದ ಹೆಸರಿಗೆ ದುಡ್ಡು ಕೊಡಬೇಡಿ, ಮುಖಕ್ಕೆ ಕೊಡಿ.

ಶುಚಿ ಮಾಡುವುದು. ಮಾಡಬೇಡಿ. ಒದ್ದೆ ಬಟ್ಟೆ, ಬ್ರೆಡ್ಡಿನ ಚೂರು, ಮೊಬೈಲಲ್ಲಿ ನೋಡಿದ ನಿಂಬೆರಸ ಎಲ್ಲ ಅಡಿಗೆಮನೆಯಲ್ಲೇ ಇರಲಿ. ಕುಂಚದಿಂದ ದೂಳು ಕೊಡವಿದರೆ ಸಾಕು. ಗಾಜಿಗೆ ಅಂಟಿಕೊಂಡ ಪಟವನ್ನು ಎಳೆದರೆ ಲಕ್ಷ್ಮಿಯ ಮೂಗು ಗಾಜಿನ ಪಾಲಾಗುತ್ತದೆ. ಅಂಥದ್ದನ್ನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದ ಇಂಟ್ಯಾಕ್ ಸಂರಕ್ಷಣಾ ಕೇಂದ್ರದಂಥ ಕಡೆ ಬಲ್ಲವರಿಗೆ ತೋರಿಸಿ. ಹಣೆಯ ಮೇಲಿಳಿದ ಕುಂಕುಮ, ಕರ್ಪೂರದ ಮಸಿ, ಯಾರೋ ಗೃಹಿಣಿ ಸೀರೆಯಂಚಿಗೆ ಅಂಟಿಸಿದ ಜರಿ, ಮಿಣುಕುಚಮಕಿ ಇವನ್ನು ಕಲೆಯೆಂದು ಕರೆಯುವವರು ಕಲೆಯ ವ್ಯಾಪಾರಿಗಳು. ನನ್ನ ಮಟ್ಟಿಗೆ ಪಟದ ಅರ್ಧ ಬೆಲೆ ಅಲ್ಲೇ ಇದೆ. ಅಚ್ಚಾಗಿದ್ದು ಸಾವಿರಾರು ಪ್ರತಿ, ಹೀಗೆ ಪೂಜೆಗೊಂಡದ್ದು ಇದೊಂದೇ.

ಕಟ್ಟು ಹಾಕಿಸುವುದು. ಕಟ್ಟಿನವನು ಪಟದ ಬೆನ್ನಿಗೆಲ್ಲ ಫೆವಿಕಾಲ್ ಬಳಿದು ಪ್ಲೈವುಡ್ಡಿಗೆ ಒತ್ತಲು ಹೊರಡುತ್ತಾನೆ. "ಸುಕ್ಕು ಹೋಗ್ಬೇಕಲ್ಲ ಸಾರ್?" ಬೇಡವೆನ್ನಿ. ಪಟದ ಹಿಂದಿದ್ದ ಹಳೇ ರಟ್ಟಿನ ಆಮ್ಲವೇ ಕಾಗದವನ್ನು ಕಂದಾಗಿಸಿ ಹಪ್ಪಳ ಮಾಡಿದ್ದು; ಹೊಸದಕ್ಕೆ ಆಮ್ಲವಿಲ್ಲದ ಮೌಂಟೇ ಬೇಕು. ಹರಿದ ಕಡೆ ತೆಳು ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು. ನಾಳೆ ಬೇಕೆಂದರೆ ಬಿಡಿಸಬಹುದು. ಸೆಲೋಟೇಪ್ ತೋರಿಸಿದರೆ ಪಟ ಎತ್ತಿಕೊಂಡು ಓಡಿ. ಗಾಜಿಗೂ ಕಾಗದಕ್ಕೂ ನಡುವೆ ಗಾಳಿಯಾಡಲು ಜಾಗ ಬಿಡಿಸಿ. ಕಟ್ಟು ಕೈಗೆ ಬಂದ ಮೇಲೆ ತ್ರಿಪ್ಲಿಕೇನಿನ ರತ್ನಾ ಕೆಫೆಗೆ ಹೋಗಿ, ಪಟವನ್ನು ಮಾತ್ರ ಮೇಜಿನ ಮೇಲಿಡಬೇಡಿ. ಅಲ್ಲಿ ಇಡ್ಲಿಗೆ ಸಾಂಬಾರ್ ಹಾಕುವುದಿಲ್ಲ, ಸುರಿಯುತ್ತಾರೆ.

ತೂಗುಹಾಕುವುದು. ಮರೀನಾದ ಉಪ್ಪುಗಾಳಿ ಬಡಿಯುವ ಗೋಡೆ, ಬಿಸಿಲು ಬೀಳುವ ಗೋಡೆ, ಬಚ್ಚಲ ಗೋಡೆ ಮೂರೂ ಬೇಡ. ಕಟ್ಟಿನ ಹಿಂದೆ ಬಿರಡೆಯ ಚೂರು ಅಂಟಿಸಿದರೆ ಗೋಡೆಯ ತೇವ ಮುಟ್ಟುವುದಿಲ್ಲ.

ಮೊದಲ ಶುಕ್ರವಾರವೇ ಅತ್ತೆಯವರು ಬಂದು ಕುಂಕುಮ ಇಡುತ್ತಾರೆ. ತಡೆಯಬೇಡಿ, ಗಾಜು ಹಾಕಿಸಿದ್ದು ಅದಕ್ಕೇ. ಊದುಬತ್ತಿಯನ್ನಷ್ಟೇ ಎರಡಡಿ ಆಚೆ ಸರಿಸಿ.